ಕ್ರೀಡಾ ಜಗತ್ತಿನ ದೊಡ್ಡವರನ್ನು ಊರಿಗೆ ಕರೆಸುವ ಲೆಕ್ಕಾಚಾರ

2024ರ ಏಪ್ರಿಲ್ 7ರಿಂದ 11ರವರೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ‘ಸ್ಪೋರ್ಟ್‌ಅಕಾರ್ಡ್’ ಸಮಾವೇಶ ನಡೆಯಿತು. ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಅಧ್ಯಕ್ಷರು, ಪದಾಧಿಕಾರಿಗಳು, ಕ್ರೀಡಾಕೂಟಗಳ ಆತಿಥ್ಯ ಬಯಸುವ ನಗರಗಳ ಪ್ರತಿನಿಧಿಗಳು, ಪ್ರಸಾರ ಹಕ್ಕಿನ ವ್ಯವಹಾರದವರು, ಟಿಕೆಟ್ ಮಾರುವ ಕಂಪನಿಗಳು, ಕ್ರೀಡಾ ಕಾನೂನಿನ ವಕೀಲರು ಎಲ್ಲರೂ ಅಲ್ಲಿದ್ದರು. ಆಟ ಮಾತ್ರ ಇರಲಿಲ್ಲ. ಇದು ಕ್ರೀಡಾ ಉದ್ಯಮದ ಸಂತೆ. ಮುಂದಿನ ವಿಶ್ವ ಚಾಂಪಿಯನ್‌ಷಿಪ್ ಯಾವ ಊರಿಗೆ, ಯಾರ ದುಡ್ಡಿನಲ್ಲಿ ಎಂಬ ಮಾತುಕತೆ ಶುರುವಾಗುವುದು ಇಂಥ ಕಡೆಗಳಲ್ಲೇ.

ಆತಿಥ್ಯದ ಹೊಣೆ ಹೊತ್ತದ್ದು ನಗರ ಪಾಲಿಕೆಯಲ್ಲ. ಬರ್ಮಿಂಗ್‌ಹ್ಯಾಮ್, ಕೋವೆಂಟ್ರಿ, ವುಲ್ವರ್‌ಹ್ಯಾಂಪ್ಟನ್ ಮೊದಲಾದ ನಗರಗಳನ್ನು ಒಳಗೊಂಡ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರದೇಶಕ್ಕೆ ಹೂಡಿಕೆ ಮತ್ತು ಪ್ರವಾಸಿಗರನ್ನು ಸೆಳೆಯಲೆಂದೇ ಇರುವ ವೆಸ್ಟ್ ಮಿಡ್‌ಲ್ಯಾಂಡ್ಸ್ ಗ್ರೋತ್ ಕಂಪನಿ ಆ ಹೊಣೆ ಹೊತ್ತಿತ್ತು. ಪಾಲಿಕೆಗೆ ಆಗ ಅತಿಥಿಗಳನ್ನು ಕರೆಯುವ ಚೈತನ್ಯವೂ ಇರಲಿಲ್ಲ. 2023ರ ಸೆಪ್ಟೆಂಬರ್ 5ರಂದು ಅದು ಸೆಕ್ಷನ್ 114 ನೋಟಿಸ್ ಹೊರಡಿಸಿ, ಕಾನೂನಿನಂತೆ ಮಾಡಲೇಬೇಕಾದ ವೆಚ್ಚಗಳನ್ನು ಬಿಟ್ಟು ಉಳಿದ ಹೊಸ ಖರ್ಚನ್ನೆಲ್ಲ ನಿಲ್ಲಿಸಿತ್ತು. ಸಮಾನ ವೇತನದ ಹಳೆಯ ಬಾಕಿ ಮತ್ತು ಕೈಕೊಟ್ಟ ಕಂಪ್ಯೂಟರ್ ವ್ಯವಸ್ಥೆ ಅದನ್ನು ಈ ಸ್ಥಿತಿಗೆ ತಂದಿದ್ದವು. ಸಮಾವೇಶಕ್ಕೆ ಒಂದು ತಿಂಗಳು ಮೊದಲು, ಮಾರ್ಚ್ 5ರಂದು, ಎರಡು ವರ್ಷಗಳಲ್ಲಿ ಸುಮಾರು 30 ಕೋಟಿ ಪೌಂಡ್ ಸೇವಾ ಕಡಿತ ಮತ್ತು ಸ್ಥಳೀಯ ತೆರಿಗೆಯಲ್ಲಿ ಒಟ್ಟು ಶೇ 21ರಷ್ಟು ಏರಿಕೆಗೆ ಪಾಲಿಕೆ ಒಪ್ಪಿಗೆ ನೀಡಿತು. ಬೀದಿದೀಪಗಳ ಬೆಳಕು ತಗ್ಗಿಸುವುದು, ಗ್ರಂಥಾಲಯಗಳ ಖರ್ಚು ಇಳಿಸುವುದು ಕೂಡ ಆ ಪಟ್ಟಿಯಲ್ಲಿದ್ದವು. ಕಂಪನಿ, ಪಾಲಿಕೆ ಎರಡರ ಖಜಾನೆ ಬೇರೆ ಬೇರೆ ಎಂಬುದು ನಿಜ. ಆದರೆ ತೆರಿಗೆ ಕಟ್ಟುವ ಜನ ಅವರೇ. ಹೀಗಿರುವಾಗ ಇಂಥ ಆತಿಥ್ಯದಿಂದ ಒಂದು ಪ್ರದೇಶ ಏನನ್ನು ಬಯಸುತ್ತದೆ ಎಂದು ಕೇಳಲೇಬೇಕಾಗುತ್ತದೆ. ಉತ್ತರ ಹುಡುಕುತ್ತ ಹೋದರೆ ಸುಮಾರು ನಾಲ್ಕು ದಶಕ ಹಿಂದಕ್ಕೆ ಹೋಗಬೇಕು.

1992ರ ಒಲಿಂಪಿಕ್ಸ್ ಆತಿಥ್ಯಕ್ಕಾಗಿ ಬರ್ಮಿಂಗ್‌ಹ್ಯಾಮ್ ಬಿಡ್ ಸಲ್ಲಿಸಿತ್ತು. 1986ರ ಅಕ್ಟೋಬರ್ 17ರಂದು ಲೌಸಾನ್‌ನಲ್ಲಿ ಮತದಾನ ನಡೆದಾಗ ಅದಕ್ಕೆ ಬಿದ್ದದ್ದು ಎಂಟು ಮತ. ಎರಡನೇ ಸುತ್ತಿನಲ್ಲಿ ಅದು ಹೊರಬಿತ್ತು, ಗೆದ್ದದ್ದು ಬಾರ್ಸಿಲೋನಾ. ಸೋತ ನಗರ ಸುಮ್ಮನೆ ಕೂರಲಿಲ್ಲ. 1991ರ ಜೂನ್‌ನಲ್ಲಿ ಹೊಸದಾಗಿ ಕಟ್ಟಿದ ಅಂತರರಾಷ್ಟ್ರೀಯ ಸಮಾವೇಶ ಕೇಂದ್ರವನ್ನು ರಾಣಿ ಎರಡನೇ ಎಲಿಜಬೆತ್ ಉದ್ಘಾಟಿಸಿದರು. ಅದೇ ತಿಂಗಳು ಅದೇ ಕಟ್ಟಡದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ, ಅಂದರೆ ಐಒಸಿಯ, 97ನೇ ಅಧಿವೇಶನ ಸೇರಿತು. ಒಲಿಂಪಿಕ್ಸ್ ಸಿಗಲಿಲ್ಲ, ಒಲಿಂಪಿಕ್ಸ್ ಹಂಚುವವರನ್ನಾದರೂ ಮನೆಗೆ ಕರೆಯೋಣ ಎಂಬ ಯೋಚನೆ ಅಂದಿನಿಂದಲೂ ಆ ಊರಿನಲ್ಲಿದೆ. 2024ರ ಸಮಾವೇಶ ನಡೆದದ್ದೂ ಅದೇ ಕಟ್ಟಡದಲ್ಲಿ.

1991ರ ಆ ಅಧಿವೇಶನದಲ್ಲಿ ನಡೆದ ಒಂದು ಮತದಾನ ಈ ಇಡೀ ಕಥೆಗೆ ತಿರುವು ಕೊಟ್ಟಿತೆಂದು ನಾನು ನಂಬುತ್ತೇನೆ. 1998ರ ಚಳಿಗಾಲದ ಒಲಿಂಪಿಕ್ಸ್‌ಗೆ ಜಪಾನಿನ ನಗಾನೊ 46 ಮತಗಳಿಂದ ಆಯ್ಕೆಯಾಯಿತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಗೆ ಸಿಕ್ಕಿದ್ದು 42. ಸದಸ್ಯರನ್ನು ಇನ್ನಷ್ಟು ಓಲೈಸಬೇಕಿತ್ತು ಎಂಬ ಪಾಠ ಕಲಿತು ಸಾಲ್ಟ್ ಲೇಕ್ ಮನೆಗೆ ಮರಳಿತು. ಮುಂದಿನ ಸಲ, 1995ರಲ್ಲಿ, 2002ರ ಕೂಟವನ್ನು ಗೆದ್ದೂ ಗೆದ್ದಿತು. ಆ ಗೆಲುವಿನ ಹಿಂದೆ ಉಡುಗೊರೆ, ನಗದು, ಸದಸ್ಯರ ಮಕ್ಕಳ ಓದಿನ ಖರ್ಚು ಎಲ್ಲ ಇದ್ದವೆಂಬುದು 1998ರ ಕೊನೆಗೆ ಬಯಲಾಯಿತು. ಆಗ ಪತ್ರಕರ್ತರು ನಗಾನೊದ ಬಾಗಿಲನ್ನೂ ತಟ್ಟಿದರು. ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ; ಬಿಡ್ ಸಮಿತಿಯ ಖರ್ಚಿನ ಲೆಕ್ಕಪುಸ್ತಕಗಳನ್ನು ಸುಟ್ಟುಹಾಕಲಾಗಿತ್ತು.

ಹಗರಣದ ಬಿಸಿಗೆ ಐಒಸಿ 1999ರಲ್ಲಿ ಆರು ಸದಸ್ಯರನ್ನು ಉಚ್ಚಾಟಿಸಿತು, ನಾಲ್ವರು ತಾವಾಗಿಯೇ ರಾಜೀನಾಮೆ ಕೊಟ್ಟರು. ಬಿಡ್ ಸಲ್ಲಿಸಿದ ನಗರಗಳಿಗೆ ಸದಸ್ಯರು ಭೇಟಿ ನೀಡುವುದನ್ನೇ ಅದೇ ವರ್ಷ ನಿಷೇಧಿಸಲಾಯಿತು. ನಗರಗಳಿಗೆ ಹೊಸ ತಲೆನೋವು ಆರಂಭವಾದದ್ದು ಇಲ್ಲಿ. ಮನೆಗೆ ಕರೆಯುವಂತಿಲ್ಲವೆಂದ ಮೇಲೆ ಇವರನ್ನು ಭೇಟಿಯಾಗುವುದು ಎಲ್ಲಿ? ಎಲ್ಲರೂ ತಮ್ಮ ಕೆಲಸಕ್ಕೆಂದೇ ಬಂದು ಸೇರುವ ಬಹಿರಂಗ ಜಾಗವೊಂದು ಬೇಕಿತ್ತು.

2003ರಲ್ಲಿ ಮ್ಯಾಡ್ರಿಡ್‌ನಲ್ಲಿ ಮೊದಲ ಸ್ಪೋರ್ಟ್‌ಅಕಾರ್ಡ್ ಸಮಾವೇಶ ನಡೆಯಿತು. ಅದಕ್ಕೆ ನೇರ ಕಾರಣ ಹಗರಣವಲ್ಲ. ಬೇಸಿಗೆ ಒಲಿಂಪಿಕ್ಸ್‌ನ ಒಕ್ಕೂಟಗಳ ಸಂಘ, ಚಳಿಗಾಲದ ಒಕ್ಕೂಟಗಳ ಸಂಘ, ಇವೆರಡಕ್ಕಿಂತ ಹಳೆಯದಾದ, 1967ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಮಹಾ ಒಕ್ಕೂಟ ಇವೆಲ್ಲವೂ ತಮ್ಮ ವಾರ್ಷಿಕ ಸಭೆಗಳನ್ನು ಒಂದೇ ವಾರ, ಒಂದೇ ಊರಿನಲ್ಲಿ ನಡೆಸಿದರೆ ಎಲ್ಲರಿಗೂ ಓಡಾಟ ತಪ್ಪುತ್ತದೆ ಎಂಬ ಸರಳ ಅನುಕೂಲದಿಂದ ಅದು ಹುಟ್ಟಿತು. ಆದರೆ ಸಭೆಗಳ ಪಕ್ಕದಲ್ಲಿ ಮಳಿಗೆಗಳು ತಲೆಯೆತ್ತಿದವು, ನಗರಗಳಿಗಾಗಿ, ವಕೀಲರಿಗಾಗಿ, ಮಾಧ್ಯಮದವರಿಗಾಗಿ ಪ್ರತ್ಯೇಕ ಗೋಷ್ಠಿಗಳು ಸೇರಿಕೊಂಡವು. ಮಳಿಗೆಯ ಬಾಡಿಗೆ ಕೊಟ್ಟ ನಗರವೊಂದು ಅಲ್ಲಿ ನಿಂತು, ಸೈಕ್ಲಿಂಗ್ ಒಕ್ಕೂಟದವರೊಂದಿಗೆ ಹತ್ತು ನಿಮಿಷ, ಜೂಡೋದವರೊಂದಿಗೆ ಹತ್ತು ನಿಮಿಷ ರಾಜಾರೋಷವಾಗಿ ಮಾತಾಡಬಹುದಿತ್ತು. ಕದ್ದುಮುಚ್ಚಿ ನಡೆಯುತ್ತಿದ್ದ ಓಲೈಕೆಗೆ ಒಂದು ಅಧಿಕೃತ ವಿಳಾಸ ಸಿಕ್ಕಂತಾಯಿತು. ಇದನ್ನು ಸುಧಾರಣೆ ಎಂದೇ ಕರೆಯಬೇಕು.

ಆಮೇಲೆ ಆತಿಥ್ಯ ವಹಿಸಿದ ಊರುಗಳ ಪಟ್ಟಿಯನ್ನು ನೋಡಿದರೆ ಒಂದು ಜಾಡು ಕಾಣುತ್ತದೆ. ಮ್ಯಾಡ್ರಿಡ್ ಆಗ 2012ರ ಕೂಟದ ಮೇಲೆ ಕಣ್ಣಿಟ್ಟಿತ್ತು. ಬೀಜಿಂಗ್ 2007ರಲ್ಲಿ, ಲಂಡನ್ 2011ರಲ್ಲಿ, ಅಂದರೆ ತಮ್ಮ ಒಲಿಂಪಿಕ್ಸ್‌ಗೆ ಸರಿಯಾಗಿ ಒಂದು ವರ್ಷ ಮೊದಲು ಸಮಾವೇಶ ನಡೆಸಿದವು. ಸೋಚಿ, ಗೋಲ್ಡ್ ಕೋಸ್ಟ್, ಬರ್ಮಿಂಗ್‌ಹ್ಯಾಮ್ ತಮ್ಮ ಕ್ರೀಡಾಕೂಟ ಮುಗಿದ ಒಂದೆರಡು ವರ್ಷಗಳಲ್ಲಿ ನಡೆಸಿದವು. ಮೊದಲಿನವು ಕೂಟವನ್ನು ಪಡೆಯಲು ಇಲ್ಲವೇ ಪ್ರಚಾರ ಮಾಡಲು, ನಂತರದವು ಕಟ್ಟಿಟ್ಟ ಕ್ರೀಡಾಂಗಣಗಳಿಗೆ ಕೆಲಸ ಹುಡುಕಲು.

ಆತಿಥ್ಯ ವಹಿಸಿದ ಮಾತ್ರಕ್ಕೆ ಎಲ್ಲವೂ ಕೈಗೂಡುವುದಿಲ್ಲ ಎಂಬುದಕ್ಕೆ ಡೆನ್ವರ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1976ರ ಚಳಿಗಾಲದ ಒಲಿಂಪಿಕ್ಸ್ ಅದಕ್ಕೆ ಸಿಕ್ಕಿತ್ತು. 1972ರ ನವೆಂಬರ್‌ನಲ್ಲಿ ಕೊಲರಾಡೊ ರಾಜ್ಯದ ಮತದಾರರು ಇದಕ್ಕೆ ಸರ್ಕಾರಿ ಹಣ ಕೊಡಬಾರದು ಎಂದು ತೀರ್ಪಿತ್ತರು. ಸಿಕ್ಕ ಒಲಿಂಪಿಕ್ಸ್ ಅನ್ನು ಮತದಾರರ ತೀರ್ಪಿಗೆ ಮಣಿದು ಹಿಂದಿರುಗಿಸಿದ ಏಕೈಕ ನಗರ ಅದು. ಹಳೆಯ ಕಹಿಯನ್ನು ತೊಳೆದುಕೊಳ್ಳಲು 2009ರ ಮಾರ್ಚ್‌ನಲ್ಲಿ ಡೆನ್ವರ್‌ನಲ್ಲೇ ನಡೆದ ಸ್ಪೋರ್ಟ್‌ಅಕಾರ್ಡ್ ಒಳ್ಳೆಯ ಅವಕಾಶವಾಗಿತ್ತು. ಆದರೆ ಅಲ್ಲಿ ಕಾವೇರಿದ್ದು ಬೇರೆಯೇ ವಿಷಯ. ಅಮೆರಿಕದ ಪ್ರಸಾರ ಹಕ್ಕಿನ ಹಣದಲ್ಲಿ ಶೇ 12.75, ಜಾಗತಿಕ ಪ್ರಾಯೋಜಕತ್ವದಲ್ಲಿ ಶೇ 20 ಪಾಲು ಅಮೆರಿಕದ ಒಲಿಂಪಿಕ್ ಸಮಿತಿಗೆ ಹೋಗುತ್ತಿತ್ತು. ಇದು ಅನ್ಯಾಯ ಎಂದು ಒಕ್ಕೂಟಗಳ ನಾಯಕರು ಅಮೆರಿಕದ ನೆಲದಲ್ಲೇ ನಿಂತು ಗುಡುಗಿದರು. ಅದೇ ಅಕ್ಟೋಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ 2016ರ ಒಲಿಂಪಿಕ್ಸ್‌ಗಾಗಿ ನಡೆದ ಮತದಾನದಲ್ಲಿ ಅಮೆರಿಕದ ಷಿಕಾಗೊ ಮೊದಲ ಸುತ್ತಿನಲ್ಲೇ ಸೋತಿತು. ಹಣದ ಜಗಳ ಬಗೆಹರಿದದ್ದು 2012ರ ಮೇ ತಿಂಗಳಲ್ಲಿ, ಮತ್ತೊಂದು ಸ್ಪೋರ್ಟ್‌ಅಕಾರ್ಡ್ ನಡೆಯುತ್ತಿದ್ದ ಕೆನಡಾದ ಕ್ವಿಬೆಕ್ ಸಿಟಿಯಲ್ಲಿ. ಡೆನ್ವರ್‌ಗೆ ಇದರಿಂದ ದಕ್ಕಿದ್ದೇನು? 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಸಮಿತಿ ಮುಂದಿನ ಚಳಿಗಾಲದ ಬಿಡ್‌ಗೆ ಡೆನ್ವರ್ ಬಿಟ್ಟು ಸಾಲ್ಟ್ ಲೇಕ್ ಅನ್ನು ಆರಿಸಿತು. ಮರುವರ್ಷ ಜೂನ್‌ನಲ್ಲಿ ಡೆನ್ವರ್ ಮತದಾರರು, ಜನಮತ ಕೇಳದೆ ನಗರದ ಹಣವನ್ನು ಒಲಿಂಪಿಕ್ಸ್‌ಗೆ ಬಳಸಕೂಡದು ಎಂಬ ನಿಯಮವನ್ನೂ ಭಾರೀ ಬಹುಮತದಿಂದ ಒಪ್ಪಿದರು. ಅತಿಥಿಗಳ ಮೆಚ್ಚುಗೆ ಒಂದು ಕಡೆ, ಊರಿನವರ ಒಪ್ಪಿಗೆ ಇನ್ನೊಂದು ಕಡೆ. ಎರಡನೆಯದನ್ನು ಯಾವ ಸಮಾವೇಶವೂ ತಂದುಕೊಡುವುದಿಲ್ಲ.

ಮನೆಯೊಡೆಯನ ಕೈಯಲ್ಲಿ ಕಾರ್ಯಸೂಚಿ ಇರುವುದಿಲ್ಲ ಎಂಬುದಕ್ಕೆ ಸೋಚಿಯ ಉದಾಹರಣೆಯೂ ಇದೆ. 2015ರ ಏಪ್ರಿಲ್‌ನಲ್ಲಿ ಆಗ ಸ್ಪೋರ್ಟ್‌ಅಕಾರ್ಡ್ ಎಂದೇ ಹೆಸರಿದ್ದ 1967ರ ಆ ಮಹಾ ಒಕ್ಕೂಟದ ಅಧ್ಯಕ್ಷ ಮಾರಿಯಸ್ ವೀಜರ್ ವೇದಿಕೆಯ ಮೇಲಿಂದ, ಐಒಸಿ ಅಧ್ಯಕ್ಷ ಥಾಮಸ್ ಬಾಕ್ ಎದುರಿಗೇ, ಆ ಸಮಿತಿಯ ವ್ಯವಸ್ಥೆ ಅವಧಿ ಮೀರಿದ್ದು, ಪಾರದರ್ಶಕವಲ್ಲದ್ದು ಎಂದು ಟೀಕಿಸಿದರು. ಮಹಾ ಒಕ್ಕೂಟದಿಂದ ಒಕ್ಕೂಟಗಳು ಒಂದೊಂದಾಗಿ ಹೊರನಡೆದವು. ಮೇ ಅಂತ್ಯಕ್ಕೆ ವೀಜರ್ ರಾಜೀನಾಮೆ ಕೊಟ್ಟರು. ರಷ್ಯಾದ ಇನ್ನೊಂದು ನಗರ ಯೆಕಟೆರಿನ್‌ಬರ್ಗ್‌ನ ಅನುಭವ ಇನ್ನೂ ಕೆಟ್ಟದ್ದು. 2021ರಲ್ಲಿ ಕೋವಿಡ್‌ನಿಂದ ಸಮಾವೇಶ ಮುಂದಕ್ಕೆ ಹೋಯಿತು, 2022ರಲ್ಲಿ ಉಕ್ರೇನ್ ಮೇಲಿನ ಆಕ್ರಮಣದ ನಂತರ ಕೈತಪ್ಪಿಯೇ ಹೋಯಿತು.

ಆಟಗಾರರ ಬದುಕೂ ಇಂಥ ಕಡೆ ತೀರ್ಮಾನವಾಗುತ್ತದೆ ಎಂಬುದನ್ನು ಮರೆಯಬಾರದು. 2013ರ ಫೆಬ್ರುವರಿಯಲ್ಲಿ ಒಲಿಂಪಿಕ್ಸ್‌ನ ಖಾಯಂ ಪಟ್ಟಿಯಿಂದ ಕುಸ್ತಿಯನ್ನು ಕೈಬಿಡಲು ಶಿಫಾರಸು ಬಂದಾಗ ನಮ್ಮ ಗರಡಿಮನೆಗಳಲ್ಲೂ ಆತಂಕ ಹಬ್ಬಿತ್ತು. ಮೇ 29ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಸ್ಪೋರ್ಟ್‌ಅಕಾರ್ಡ್ ವಾರದಲ್ಲೇ ಸೇರಿದ್ದ ಐಒಸಿ ಕಾರ್ಯಕಾರಿ ಮಂಡಳಿ, ಕುಸ್ತಿಯನ್ನು ಬೇಸ್‌ಬಾಲ್-ಸಾಫ್ಟ್‌ಬಾಲ್ ಮತ್ತು ಸ್ಕ್ವಾಷ್ ಜೊತೆ ಅಂತಿಮ ಪಟ್ಟಿಗೆ ಸೇರಿಸಿತು. ಸೆಪ್ಟೆಂಬರ್‌ನಲ್ಲಿ ಕುಸ್ತಿ ಉಳಿಯಿತು.

ಹಾಗಾದರೆ ಆತಿಥ್ಯದಿಂದ ಲಾಭವಾದ ಪ್ರದೇಶಗಳೇ ಇಲ್ಲವೇ? ಇವೆ. 2017ರ ಏಪ್ರಿಲ್‌ನಲ್ಲಿ ಸಮಾವೇಶ ನಡೆದ ಡೆನ್ಮಾರ್ಕಿನ ಆರ್ಹುಸ್ ದೊಡ್ಡ ನಗರವೇನಲ್ಲ. ಆದರೆ ಅದರ ಬೆನ್ನಿಗೆ ಕ್ರೀಡಾಕೂಟಗಳನ್ನು ದೇಶಕ್ಕೆ ತರುವುದನ್ನೇ ಕೆಲಸ ಮಾಡಿಕೊಂಡ ‘ಸ್ಪೋರ್ಟ್ ಇವೆಂಟ್ ಡೆನ್ಮಾರ್ಕ್’ ಎಂಬ ರಾಷ್ಟ್ರೀಯ ಸಂಸ್ಥೆ ಇತ್ತು. 2018ರ ಹಾಯಿದೋಣಿ ವಿಶ್ವ ಚಾಂಪಿಯನ್‌ಷಿಪ್ ಸಮಾವೇಶಕ್ಕೂ ಮೊದಲೇ ಅದರ ಕೈಸೇರಿತ್ತು. 2019ರ ಮಾರ್ಚ್ 30ರಂದು ಅಲ್ಲಿ ವಿಶ್ವ ಕ್ರಾಸ್‌ಕಂಟ್ರಿ ಓಟ ನಡೆಯಿತು. ಊರ ಹೊರಗಿನ ಮೋಸ್‌ಗಾರ್ಡ್ ವಸ್ತುಸಂಗ್ರಹಾಲಯದ ಛಾವಣಿ ನೆಲದಿಂದಲೇ ಇಳಿಜಾರಾಗಿ ಮೇಲೇಳುತ್ತದೆ, ಅದರ ತುಂಬ ಹುಲ್ಲು. ಓಟಗಾರರು ಆ ಛಾವಣಿಯನ್ನು ಹತ್ತಿ ಇಳಿದು ಓಡಿದರು. ಹೊಸ ಕ್ರೀಡಾಂಗಣವೊಂದನ್ನೂ ಕಟ್ಟದೆ ಇದ್ದದ್ದನ್ನೇ ಬಳಸಿದ ಆ ಜಾಣ್ಮೆ ನನಗೆ ತುಂಬ ಹಿಡಿಸುತ್ತದೆ. ಸಮಾವೇಶ ಅಲ್ಲಿ ಯೋಜನೆಯೊಂದರ ನಡುವಿನ ಒಂದು ಹೆಜ್ಜೆಯಾಗಿತ್ತು, ಯೋಜನೆಯೇ ಆಗಿರಲಿಲ್ಲ.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ 2018ರ ಕಾಮನ್‌ವೆಲ್ತ್ ಕೂಟ ಮುಗಿಸಿ 2019ರ ಮೇ ತಿಂಗಳಲ್ಲಿ ಸಮಾವೇಶ ನಡೆಸಿತು. ಮರು ತಿಂಗಳೇ ಐಒಸಿ ಆಯ್ಕೆಯ ವಿಧಾನವನ್ನು ಬದಲಿಸಿತು. ಬಹಿರಂಗ ಸ್ಪರ್ಧೆಯ ಬದಲು ಆಸಕ್ತ ಪ್ರದೇಶಗಳೊಂದಿಗೆ ಆಯೋಗವೊಂದು ಮಾತುಕತೆ ನಡೆಸಿ, ಸೂಕ್ತವೆನಿಸಿದ್ದನ್ನು ಮುಂದಿಡುವ ಪದ್ಧತಿ ಬಂತು. ಆ ಬದಲಾವಣೆಯನ್ನು ರೂಪಿಸಿದ ತಂಡದ ಮುಖ್ಯಸ್ಥ ಜಾನ್ ಕೋಟ್ಸ್ ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿಯ ಅಧ್ಯಕ್ಷರೂ ಆಗಿದ್ದರು. 2021ರ ಜುಲೈ 21ರಂದು 2032ರ ಒಲಿಂಪಿಕ್ಸ್ ಗೋಲ್ಡ್ ಕೋಸ್ಟ್‌ನ ನೆರೆಯ ಬ್ರಿಸ್ಬೇನ್‌ಗೆ ಹೋಯಿತು. 1986ರಲ್ಲಿ ಬರ್ಮಿಂಗ್‌ಹ್ಯಾಮ್ ಜೊತೆಗೇ ಸೋತಿದ್ದ ಬ್ರಿಸ್ಬೇನ್‌ಗೆ. ಸಮಾವೇಶವೇ ಒಲಿಂಪಿಕ್ಸ್ ತಂದಿತು ಎನ್ನಲು ಆಧಾರವಿಲ್ಲ. ಆದರೆ ಸ್ಪರ್ಧೆ ಹೋಗಿ ಮಾತುಕತೆ ಬಂದ ಮೇಲೆ ಪರಿಚಯದ ಬೆಲೆ ಏರಿದೆ. ಮತಪೆಟ್ಟಿಗೆಯ ಎಣಿಕೆ ಹೊರಗಿನವರಿಗೆ ಕಾಣುತ್ತಿತ್ತು, ಮಾತುಕತೆ ಕಾಣುವುದಿಲ್ಲ. ಇದು ನನಗೆ ನೆಮ್ಮದಿ ಕೊಡುವ ಬದಲಾವಣೆಯಲ್ಲ.

ವೆಸ್ಟ್ ಮಿಡ್‌ಲ್ಯಾಂಡ್ಸ್‌ನ ಲೆಕ್ಕಾಚಾರವೂ ಇದೇ ಬಗೆಯದು. ಡರ್ಬನ್‌ನ ಕೈತಪ್ಪಿದ 2022ರ ಕಾಮನ್‌ವೆಲ್ತ್ ಕೂಟವನ್ನು 2017ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ವಹಿಸಿಕೊಂಡಿತು. 77.8 ಕೋಟಿ ಪೌಂಡ್ ಬಜೆಟ್ಟಿನಲ್ಲಿ ಸುಮಾರು 7 ಕೋಟಿ ಪೌಂಡ್ ಉಳಿಯಿತು. ಅದರಲ್ಲಿ 6 ಕೋಟಿಗೂ ಹೆಚ್ಚನ್ನು ಬ್ರಿಟನ್ ಸರ್ಕಾರ ಆ ಪ್ರದೇಶಕ್ಕೇ ಮರಳಿಸಿತು. ಕೂಟದ ಲಾಭವನ್ನು ಮುಂದುವರಿಸುವುದು, ಇನ್ನಷ್ಟು ದೊಡ್ಡ ಕಾರ್ಯಕ್ರಮಗಳನ್ನು ಸೆಳೆಯುವುದು ಅದರ ಉದ್ದೇಶ. ಈಜುಕೊಳ, ನವೀಕರಿಸಿದ ಅಲೆಕ್ಸಾಂಡರ್ ಕ್ರೀಡಾಂಗಣ ಸಿದ್ಧವಾಗಿಯೇ ಇದ್ದವು. ತೋರಿಸಲು ಸರಕು ಇದ್ದಾಗ ಕೊಳ್ಳುವವರನ್ನು ಕರೆದದ್ದು ತಪ್ಪಲ್ಲ. ಅತಿಥಿಗಳ ಮಾತು ಮಾತ್ರ ಸಮಾವೇಶದ ನಡುವೆಯೇ ಬೇರೆಡೆ ಹೊರಳಿತು. ಏಪ್ರಿಲ್ 10ರಂದು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆಲ್ಲುವ ಅಥ್ಲೀಟ್‌ಗಳಿಗೆ ತಲಾ 50,000 ಡಾಲರ್ ಕೊಡುವುದಾಗಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಘೋಷಿಸಿದ್ದೇ ಅದಕ್ಕೆ ಕಾರಣ.

ಫಲವೇನಾಯಿತು ಎಂದು ಅಳೆಯುವಾಗ ಜೋಪಾನ ಬೇಕು. 2026ರ ಯೂರೋಪಿಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಬರ್ಮಿಂಗ್‌ಹ್ಯಾಮ್‌ಗೆ ಸಿಕ್ಕಿದ್ದು 2022ರಲ್ಲಿ, ಸಮಾವೇಶಕ್ಕೂ ಮೊದಲು. ಗಾಯಗೊಂಡ ಸೈನಿಕರ ಇನ್‌ವಿಕ್ಟಸ್ ಕ್ರೀಡಾಕೂಟದ 2027ರ ಆತಿಥ್ಯ ಘೋಷಣೆಯಾದದ್ದು 2024ರ ಜುಲೈನಲ್ಲಿ. ಆದರೆ ಆ ಸ್ಪರ್ಧೆಯೂ ಸಮಾವೇಶಕ್ಕೆ ಮುಂಚೆಯೇ ಆರಂಭವಾಗಿತ್ತು. ಇವನ್ನು ಸಮಾವೇಶದ ಖಾತೆಗೆ ಬರೆದುಕೊಳ್ಳಲಾಗದು. ಹೋಟೆಲ್ ಕೋಣೆ ತುಂಬಿದವು, ಟ್ಯಾಕ್ಸಿಗಳು ಓಡಿದವು ಎಂಬ ವರದಿಯೂ ಸಾಲದು. ಯಾವ ಒಕ್ಕೂಟದೊಂದಿಗೆ ಮಾತು ಶುರುವಾಯಿತು, ಅದು ಎಲ್ಲಿಗೆ ಮುಟ್ಟಿತು, ಆತಿಥ್ಯಕ್ಕೆ ಸಾರ್ವಜನಿಕ ಹಣ ಎಷ್ಟು ಹೋಯಿತು ಎಂಬ ಮೂರು ವಿವರಗಳನ್ನು ಐದು ವರ್ಷಗಳವರೆಗೆ ವರ್ಷಕ್ಕೊಮ್ಮೆ ಪ್ರಕಟಿಸುವ ಷರತ್ತು ಆತಿಥ್ಯದ ಒಪ್ಪಂದದಲ್ಲೇ ಇರಬೇಕು. ಇನ್ನು ಮುಂದೆ ಇಂಥ ಸಮಾವೇಶವನ್ನು ಕರೆಯುವ ಯಾವುದೇ ಪ್ರದೇಶದ ಜನಪ್ರತಿನಿಧಿಗಳು ಸಹಿ ಹಾಕುವ ಮುನ್ನ ಕೇಳಬೇಕಾದದ್ದು ಇದನ್ನೇ.