ಕೀ ಒತ್ತಿದಾಗ ಒಳಗೆ ಏನಾಗುತ್ತದೆ? ಅಕೌಸ್ಟಿಕ್ ಮತ್ತು ಡಿಜಿಟಲ್ ಪಿಯಾನೊ

ಎರಡರಲ್ಲೂ ಸಾಮಾನ್ಯವಾಗಿ 88 ಕೀಗಳು: 52 ಬಿಳಿ, 36 ಕಪ್ಪು. ಒಳಗಿನ ಕೆಲಸ ಮಾತ್ರ ಪೂರ್ತಿ ಬೇರೆ.

ಅಕೌಸ್ಟಿಕ್‌ನಲ್ಲಿ ಕೀ ಒತ್ತಿದರೆ ಫೆಲ್ಟ್ (ಒತ್ತಿದ ಉಣ್ಣೆ) ಹೊದಿಸಿದ ಹ್ಯಾಮರ್, ಅಂದರೆ ಪುಟ್ಟ ಸುತ್ತಿಗೆ, ತಂತಿಗೆ ಬಡಿಯುತ್ತದೆ. ಆದರೆ ನಮ್ಮ ಬೆರಳು ಅದನ್ನು ತಂತಿಯವರೆಗೂ ತಳ್ಳಿಕೊಂಡು ಹೋಗುವುದಿಲ್ಲ. ಇನ್ನೇನು ಮುಟ್ಟಬೇಕು ಅನ್ನುವಾಗ ಕೀಗೂ ಹ್ಯಾಮರಿಗೂ ಸಂಬಂಧ ತಪ್ಪುತ್ತದೆ. ಕೊನೆಯ ಚೂರು ದೂರವನ್ನು ಹ್ಯಾಮರ್ ತಾನೇ ಹಾರಿ ಹೋಗಿ, ಬಡಿದು, ವಾಪಸ್ ಬೀಳುತ್ತದೆ. ಇದೇ ಎಸ್ಕೇಪ್‌ಮೆಂಟ್. ಇದಿಲ್ಲದಿದ್ದರೆ ಹ್ಯಾಮರ್ ತಂತಿಗೆ ಒತ್ತಿಕೊಂಡು ನಾದವನ್ನೇ ನುಂಗಿಬಿಡುತ್ತಿತ್ತು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಪಿಯಾನೊ ಕಂಡುಹಿಡಿದ ಕ್ರಿಸ್ತೊಫೊರಿ ಬಿಡಿಸಿದ ಕಗ್ಗಂಟು ಇದು. ಹಾಗಾಗಿ ಸ್ವರ ಜೋರಾಗುವುದು ಹ್ಯಾಮರಿನ ವೇಗದಿಂದ. ಬಡಿದಾದ ಮೇಲೆ ಕೀಯನ್ನು ಎಷ್ಟು ಅದುಮಿದರೂ ಸುಮ್ನೆ ಬೆರಳು ನೋವು, ಅಷ್ಟೇ.

ಡಿಜಿಟಲ್‌ನಲ್ಲಿ ತಂತಿಯೇ ಇಲ್ಲ. ಕೀ ಕೆಳಗಿನ ಸೆನ್ಸರ್‌ಗಳು ಅದು ಎಷ್ಟು ಬೇಗ ಇಳಿಯಿತು ಎಂದು ಅಳೆಯುತ್ತವೆ. ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳ ಸಾಮಾನ್ಯ ಸಂಕೇತ ಭಾಷೆ) ಲೆಕ್ಕದಲ್ಲಿ ಆ ವೇಗ 1ರಿಂದ 127ರೊಳಗಿನ ಒಂದು ಸಂಖ್ಯೆ. ಅದಕ್ಕೆ ತಕ್ಕಂತೆ, ಸಾಮಾನ್ಯವಾಗಿ ನಿಜವಾದ ಪಿಯಾನೊದಿಂದ ರೆಕಾರ್ಡ್ ಮಾಡಿದ ಧ್ವನಿ ಸ್ಪೀಕರಿನಲ್ಲಿ ಬರುತ್ತದೆ.

ಈಗ ಒಂದು ಪ್ರಯೋಗ. ಅಕೌಸ್ಟಿಕ್‌ನಲ್ಲಿ ಮಿಡಲ್ ಸಿ (ಕೀಗಳ ಸಾಲಿನ ನಡುವಿನ ಸಿ ಸ್ವರ) ಕೀಯನ್ನು ಸದ್ದಾಗದಂತೆ ನಿಧಾನ ಒತ್ತಿ ಹಿಡಿಯಿರಿ. ಅದರ ಎಡಕ್ಕೆ ಸಿಗುವ ಮುಂದಿನ ಸಿ ಕೀಯನ್ನು (ಒಂದು ಆಕ್ಟೇವ್ ಕೆಳಗಿನದು) ಜೋರಾಗಿ ಬಾರಿಸಿ, ತಕ್ಷಣ ಬಿಡಿ. ಕೆಳಗಿನ ಸ್ವರ ನಿಂತರೂ ಮಿಡಲ್ ಸಿ ಸಣ್ಣಗೆ ಗುಂಯ್‌ಗುಡುತ್ತದೆ! ಕೀ ಒತ್ತಿ ಹಿಡಿದಾಗ ಡ್ಯಾಂಪರ್ (ತಂತಿಯನ್ನು ಅದುಮಿ ಸುಮ್ಮನಿರಿಸುವ ಫೆಲ್ಟ್ ತುಂಡು) ಮೇಲೆದ್ದಿದ್ದರಿಂದ ಬಿಡುವಾಗಿದ್ದ ಆ ತಂತಿ ಇನ್ನೊಂದರ ಕಂಪನಕ್ಕೆ ಓಗೊಟ್ಟಿತು. ಅಗ್ಗದ ಡಿಜಿಟಲ್‌ನಲ್ಲಿ ಇದು ಕೇಳಿಸುವುದು ಕಡಿಮೆ. ಒಳ್ಳೆಯವುಗಳಲ್ಲಿ ಸಾಫ್ಟ್‌ವೇರ್ ಇದನ್ನು ಅನುಕರಿಸುತ್ತದೆ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಬಲಗಡೆಯ ಪೆಡಲ್ ಒತ್ತಿದಾಗಲಂತೂ ಎಲ್ಲ ಡ್ಯಾಂಪರ್‌ಗಳೂ ಎದ್ದು ಎಲ್ಲ ತಂತಿಗಳೂ ಜೊತೆಗೂಡುತ್ತವೆ.

ಹಾಗಂತ ಅಕೌಸ್ಟಿಕ್ ಎಲ್ಲದರಲ್ಲೂ ಮೇಲೇನಲ್ಲ. ಒಂದೇ ಸ್ವರವನ್ನು ಬೇಗಬೇಗ ಬಾರಿಸಲು ಗ್ರ್ಯಾಂಡ್‌ನಲ್ಲಿ (ತಂತಿಗಳು ಅಡ್ಡ ಮಲಗಿರುವ ಅಕೌಸ್ಟಿಕ್) ಕೀ ಪೂರ್ತಿ ಮೇಲೆ ಬರಬೇಕಿಲ್ಲ. ಅಪ್‌ರೈಟ್‌ನಲ್ಲಿ (ತಂತಿಗಳು ನೆಟ್ಟಗೆ ನಿಂತಿರುವ ಅಕೌಸ್ಟಿಕ್) ಬಹುಪಾಲು ಬರಲೇಬೇಕು. ಪ್ರತಿ ಕೀಗೂ ಮೂರು ಸೆನ್ಸರ್ ಇರುವ ಡಿಜಿಟಲ್ ಈ ವಿಷಯದಲ್ಲಿ ಗ್ರ್ಯಾಂಡ್‌ಗೇ ಹತ್ತಿರ. ಟ್ಯೂನಿಂಗ್ ಖರ್ಚಿಲ್ಲ, ಹೆಡ್‌ಫೋನ್ ಹಾಕಿದರೆ ನಡುರಾತ್ರಿಯೂ ಅಭ್ಯಾಸ ಮಾಡಬಹುದು. ಅಕೌಸ್ಟಿಕ್‌ಗೆ ವರ್ಷಕ್ಕೆ ಒಂದೆರಡು ಸಲ ಟ್ಯೂನರ್ ಬೇಕು. ಕರಾವಳಿಯ ಮಳೆಗಾಲದಂಥ ತೇವಕ್ಕೆ ಮರ ಉಬ್ಬಿ ಕೀ ಸಿಕ್ಕಿಕೊಳ್ಳುವುದೂ ಉಂಟು.

ಡಿಜಿಟಲ್ ಕೊಳ್ಳುವಾಗ ಸ್ವಿಚ್ ಆಫ್ ಮಾಡಿ ಬಾರಿಸಿ ನೋಡಿ. ಸದ್ದಿಲ್ಲದಿದ್ದರೆ ಬೆರಳಿಗೆ ತೂಕ ಸರಿಯಾಗಿ ಗೊತ್ತಾಗುತ್ತದೆ. ಗ್ರೇಡೆಡ್ ಹ್ಯಾಮರ್ ಆ್ಯಕ್ಷನ್ (ಅಕೌಸ್ಟಿಕ್‌ನಂತೆ ಕೀಗಳಿಗೆ ಹಂತಹಂತವಾಗಿ ತೂಕ ಕೊಡುವ ವ್ಯವಸ್ಥೆ) ಇದ್ದರೆ ಎಡಗಡೆಯ ಕೀಗಳು ಜಾಸ್ತಿ ಭಾರ, ಬಲಗಡೆಯವು ಹಗುರ ಇರಬೇಕು.