ಮೇಲಿಂದ ಪ್ರೆಶರ್

ಕೋಲಾರದಲ್ಲಿ ಯಾವ ಆಫೀಸಿಗಾದರೂ ಹೋಗಿ, ಇಷ್ಟು ಅರ್ಜೆಂಟ್ ಯಾಕೆ ಅಂತ ಕೇಳಿ. ‘ಮೇಲಿಂದ ಪ್ರೆಶರ್ ಸಾರ್’ ಅಂತಾರೆ. ನರಸಾಪುರದ ಫ್ಯಾಕ್ಟರಿಗಳ ಸೂಪರ್‌ವೈಸರ್‌ಗಳೂ ಇದನ್ನೇ ಹೇಳ್ತಾರೆ. ಈ ಮಾತು ಅಕ್ಷರಶಃ ನಿಜವಾಗಿದ್ದ ಜಾಗವೂ ಇದೇ ಜಿಲ್ಲೆಯಲ್ಲಿದೆ. ಅದು ಕೆಜಿಎಫ್.

ವಿಜ್ಞಾನದಲ್ಲಿ ಒತ್ತಡ ಅಂದರೆ ಬಲವನ್ನು ಅದು ಬೀಳುವ ಜಾಗದಿಂದ ಭಾಗಿಸಿದ ಲೆಕ್ಕ. ಟೊಮೆಟೊ ಮಂಡಿಯಲ್ಲಿ ತಲೆ ಮೇಲೆ ಕ್ರೇಟ್ ಹೊರುವವರು ಟವೆಲ್ ಸುತ್ತಿ ಸಿಂಬಿ ಮಾಡಿಕೊಳ್ಳುತ್ತಾರಲ್ಲ, ಅದು ಈ ಲೆಕ್ಕವೇ. ಭಾರ ಅಷ್ಟೇ ಇರುತ್ತೆ, ಹೆಚ್ಚು ಜಾಗಕ್ಕೆ ಹರಡುತ್ತೆ.

ಈಗ ಗಣಿಗೆ ಇಳಿಯೋಣ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ. ಒಂದು ಘನ ಮೀಟರ್ ಬಂಡೆ ಸುಮಾರು 2.8 ಟನ್ ತೂಗುತ್ತೆ. 3,000 ಮೀಟರ್ ಬಂಡೆ ತಲೆ ಮೇಲಿದ್ದರೆ, ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ, ಅಂದರೆ ಒಂದು ಚದರ ಸೆಂಟಿಮೀಟರ್‌ಗೆ, 840 ಕಿಲೋ. ಉಗುರಿನ ಮೇಲೆ ಒಂದು ಸಣ್ಣ ಕಾರು ನಿಲ್ಲಿಸಿದ ಹಾಗೆ!

ಬಂಡೆ ಇದನ್ನು ಕೋಟ್ಯಂತರ ವರ್ಷ ಸುಮ್ನೆ ತಡೆದುಕೊಂಡಿತ್ತು. ಚಿನ್ನಕ್ಕೆ ಅಗೆದು ಪೊಳ್ಳು ಮಾಡಿದಾಗ ತೊಂದರೆ ಶುರು. ಅಲ್ಲಿದ್ದ ಕಲ್ಲು ಹೊರುತ್ತಿದ್ದ ಭಾರ ಎಲ್ಲಿಗೂ ಹೋಗಲಿಲ್ಲ, ಪಕ್ಕದ ಕಲ್ಲಿನ ಮೇಲೆ ಬಿತ್ತು. ಅದರ ತಾಕತ್ತು ಮೀರಿದಾಗ ಬಂಡೆ ಪಟ್ಟಂತ ಸಿಡಿಯುತ್ತೆ. ಇದೇ ರಾಕ್‌ಬರ್ಸ್ಟ್. ಎಷ್ಟೋ ಕಾರ್ಮಿಕರು ಇದರಿಂದ ಸತ್ತರು, ಮೇಲಿನ ಊರಲ್ಲೂ ನೆಲ ನಡುಗುತ್ತಿತ್ತು. ಅದಕ್ಕೇ ಅಗೆದ ಜಾಗಕ್ಕೆ ಗ್ರಾನೈಟ್ ಕಲ್ಲು ಕಟ್ಟಿ ತುಂಬಿಸುತ್ತಿದ್ದರು.

ನಾನು ಕೆಲಸ ಮಾಡಿದ ಒಂದು ಆಫೀಸಿನಲ್ಲಿ ಇಬ್ಬರು ರಿಟೈರ್ ಆದರು. ಆ ಕುರ್ಚಿಗಳಿಗೆ ಯಾರೂ ಬರಲಿಲ್ಲ. ಅವರ ಫೈಲೆಲ್ಲ ಮೂರನೆಯವರ ಟೇಬಲ್ಲಿಗೆ ಬಂತು. ಮಾರ್ಚ್ ಕೊನೆಯಲ್ಲಿ ಅವರು ಸಿಡಿದರು. ಎಲ್ಲರೂ ‘ಅವರಿಗೆ ಕೋಪ ಜಾಸ್ತಿ’ ಅಂದರು. ನನಗೆ ಹಾಗನ್ನಿಸಲಿಲ್ಲ.

ಮನುಷ್ಯರ ಒತ್ತಡಕ್ಕೆ ‘ಸ್ಟ್ರೆಸ್’ ಅನ್ನೋ ಎಂಜಿನಿಯರುಗಳ ಪದ ಅಂಟಿದ್ದು ವಿಜ್ಞಾನಿ ಹ್ಯಾನ್ಸ್ ಸೆಲ್ಯೆ ಅವರಿಂದ. 1936ರಲ್ಲಿ ಇಲಿಗಳ ಮೇಲಿನ ಪ್ರಯೋಗದ ಬಗ್ಗೆ ‘ನೇಚರ್’ ಪತ್ರಿಕೆಗೆ ಬರೆದವರು ಅವರು. ಚಳಿ, ಗಾಯ, ವಿಷ, ಏನೇ ಕೊಟ್ಟರೂ ಇಲಿಗಳ ದೇಹ ಹೆಚ್ಚುಕಮ್ಮಿ ಒಂದೇ ಥರ ಪ್ರತಿಕ್ರಿಯಿಸುತ್ತಿತ್ತು.

ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಒಳಗೆ ನೀರು ತುಂಬಿತು. ಆಮೇಲೂ ಅಲ್ಲಿ ಸಣ್ಣ ಸಣ್ಣ ಕಂಪನಗಳು ದಾಖಲಾಗಿವೆ.