ಬೇಲಿ ತೆಗೆದರು, ಕುರ್ಚಿ ಖಾಲಿಯೇ ಉಳಿಯಿತು

2020ರ ಏಪ್ರಿಲ್‌ನಲ್ಲಿ ಹಾಸನ ಜಿಲ್ಲೆ ಹಸಿರು ವಲಯದಲ್ಲಿತ್ತು. ಒಂದೂ ಕೊರೊನಾ ಪ್ರಕರಣವಿಲ್ಲ ಎಂಬ ಹೆಮ್ಮೆಯ ಜೊತೆಗೆ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ಮುಳ್ಳುಬೇಲಿಯೂ ಇತ್ತು. ಮೇ 12ರಂದು ಆ ಹೆಮ್ಮೆ ಹೋಯಿತು. ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಸೋಂಕು ಕಂಡಿತು.

ಈ ತಾಲ್ಲೂಕಿಗೂ ಪಕ್ಕದ ಕೆ.ಆರ್.ಪೇಟೆಗೂ ಮುಂಬೈ ಪರಸ್ಥಳವಲ್ಲ, ಮಳೆ ಕೈಕೊಟ್ಟಾಗ ಅನ್ನ ಕೊಟ್ಟ ಊರು. ಜಾತ್ರೆಗೆ ಬಂದು ಚಂದಾ ಕೊಡುವಾಗ ‘ಮುಂಬೈಯವರು’ ಅಂದರೆ ಗೌರವ. ಆ ಮೇ ತಿಂಗಳಲ್ಲಿ ಅದೇ ಮಾತು ಬೈಗುಳವಾಯಿತು. ಬಂದವರನ್ನು ಹಾಸ್ಟೆಲು, ವಸತಿ ಶಾಲೆಗಳಲ್ಲಿ ಕ್ವಾರಂಟೈನ್‌ ಮಾಡಿದರು. ಮೇ 18ಕ್ಕೆ ರಾಜ್ಯ ಸರ್ಕಾರವೇ ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ಗಡಿ ಮುಚ್ಚಿತು. ಅಂದರೆ ಊರಬಾಗಿಲ ಮುಳ್ಳಿಗೆ ವಿಧಾನಸೌಧದ ಮೊಹರು ಬಿತ್ತು.

ಪ್ಲೇಗ್ ಕೂಡ ಇತ್ತ ಬಂದದ್ದು ಆ ದಿಕ್ಕಿನಿಂದಲೇ. 1896ರಲ್ಲಿ ಮುಂಬೈ, 1898ರಲ್ಲಿ ಮೈಸೂರು ಸೀಮೆ. ಆಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೊರೊನಾ ಕಾಲಕ್ಕೆ ಊರು ಕದಲಲಿಲ್ಲ, ಬಂದವರು ಹೊರಗುಳಿದರು. ಸರ್ಕಾರ ಮೊದಲು ಕೈಗೆತ್ತಿಕೊಂಡ ಕಾನೂನು ಮಾತ್ರ ಹಳೆಯದೇ: ಆ ಪ್ಲೇಗಿಗೆಂದು ಬ್ರಿಟಿಷರು 1897ರಲ್ಲಿ ಮಾಡಿದ ನಾಲ್ಕು ಸೆಕ್ಷನ್ನಿನ ಸಾಂಕ್ರಾಮಿಕ ರೋಗ ಕಾಯ್ದೆ.

ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಏಪ್ರಿಲ್ 20ರಿಂದ ಅರ್ಧದಷ್ಟು ಆಳುಗಳೊಂದಿಗೆ ಕೆಲಸಕ್ಕೆ ಅನುಮತಿ ಸಿಕ್ಕಿತು. ಪಂಚಾಯಿತಿಗಳಿಗೆ ಅಂಥ ರಿಯಾಯಿತಿ ಇರಲಿಲ್ಲ. 2015ರಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯರ ಅವಧಿ 2020ರ ಮಧ್ಯದಲ್ಲೇ ಮುಗಿಯಿತು. ಯಾರ ಮನೆಗೆ ರಾತ್ರಿ ಯಾರು ಬಂದರು ಎಂದು ಬಲ್ಲವರು ಅವರೇ. ಸೋಂಕಿನ ಕಾರಣಕ್ಕೆ ಚುನಾವಣೆ ಮುಂದಕ್ಕೆ ಹೋಗಿ, ಅವರ ಜಾಗಕ್ಕೆ ಆಡಳಿತಾಧಿಕಾರಿಗಳು ಬಂದರು. ಡಿಸೆಂಬರ್ 22 ಮತ್ತು 27ರಂದು ಕೊನೆಗೂ ಮತದಾನವಾಯಿತು.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದು ಬೇರೆ ಕಥೆ. ಅವುಗಳ ಅವಧಿ ಮುಗಿದದ್ದು 2021ರಲ್ಲಿ, ಎರಡನೇ ಅಲೆಯ ಹೊತ್ತಿಗೆ. ಆರು ತಿಂಗಳು ತಡೆಯೋಣ ಎಂದಿತು ಸಂಪುಟ. ಅಲೆ ಇಳಿಯಿತು, ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಬೇರೆ ಕಾರಣಗಳು ಸಿದ್ಧವಾಗಿದ್ದವು. ರೋಗ ಕೊಟ್ಟ ನೆವ ಆಳುವವರಿಗೆ ರುಚಿಸಿತು ಎಂದೇ ನನ್ನ ಅನುಮಾನ. ಯಾವ ಪಕ್ಷವೂ ಇದಕ್ಕೆ ಹೊರತಲ್ಲ. 2023ರಲ್ಲಿ ವಿಧಾನಸಭೆಗೆ, 2024ರಲ್ಲಿ ಲೋಕಸಭೆಗೆ ಓಟು ಹಾಕಿದ ಹಾಸನದವರಿಗೆ ಆವರೆಗೂ ಜಿಲ್ಲಾ ಪಂಚಾಯಿತಿಯ ಮತಪತ್ರ ಸಿಗಲಿಲ್ಲ. ಸಕಲೇಶಪುರದ ಕಡೆ ಹಳ್ಳಕ್ಕೊಂದು ಕಾಲುಸಂಕ ಬೇಕಿದ್ದರೂ ಶಾಸಕರ ಮನೆ ಬಾಗಿಲಲ್ಲೇ ಅರ್ಜಿ ಹಿಡಿದು ನಿಲ್ಲಬೇಕು.